ಯಂತ್ರಬಾಹುವೂ ಡಯಲ್ ಗೇಜೂ

ವರ್ಷಾಂತ್ಯದ ಪರೀಕ್ಷೆಗಳು ಸಮೀಪಿಸುವ ಹೊತ್ತಿಗೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಏರ್ಪಡುವ ಪ್ರಾಜೆಕ್ಟ್ ಪ್ರದರ್ಶನಗಳಿಗೆ ಹೋಗಿ ಬಂದವರಿಗೆ ಈ ದೃಶ್ಯ ಸುಪರಿಚಿತವಾದುದೇ: ಬಿಳಿಯ ಇಲ್ಲವೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನ ತೋಳೊಂದು ಮೇಜಿನ ಮೇಲೆ ನಿಂತು, ಮೊಣಕೈಯನ್ನು ಮಡಿಸಿ, ನೀಡಿ, ಬೆಂಕಿಪೆಟ್ಟಿಗೆಯೊಂದನ್ನು ಹಿಡಿದೆತ್ತಿ, ನಡುಗುತ್ತ ನಡುಗುತ್ತ ಪಕ್ಕದ ಡಬ್ಬಿಗೆ ಹಾಕುತ್ತದೆ, ನೆರೆದವರು ಚಪ್ಪಾಳೆ ತಟ್ಟುತ್ತಾರೆ, ಪರೀಕ್ಷಕರು ಅಂಕ ಬರೆದುಕೊಂಡು ಮುಂದಿನ ಮೇಜಿಗೆ ನಡೆಯುತ್ತಾರೆ. ತೋಳು ಚಲಿಸಿತೆಂಬುದೇ ಇಲ್ಲಿ ಸಿದ್ಧಿಯೆನಿಸಿಕೊಂಡಿದೆ. ಅದೇ ಬೆಂಕಿಪೆಟ್ಟಿಗೆಯನ್ನು ಅದೇ ತೋಳು 30 ಸಲ ಎತ್ತಿಟ್ಟರೆ, ಕೊನೆಯ ಸಲ ಅದು ಮೊದಲು ಇಟ್ಟ ಸ್ಥಳದಿಂದ ಎಷ್ಟು ಸರಿದಿರುತ್ತದೆಂದು ಕೇಳುವವರು ಅಪೂರ್ವ. ಕೇಳಿದರೆ ಉತ್ತರಿಸಬಲ್ಲ ವಿದ್ಯಾರ್ಥಿ ಅದಕ್ಕಿಂತಲೂ ಅಪೂರ್ವ. ಮೂವತ್ತೆಂಬ ಸಂಖ್ಯೆಯನ್ನು ನಾನು ಮನಬಂದಂತೆ ಆರಿಸಿದುದಲ್ಲ. ಔದ್ಯಮಿಕ ರೋಬೋಗಳ ಯೋಗ್ಯತೆಯನ್ನು ಅಳೆಯತಕ್ಕ ಐಎಸ್‌ಒ 9283 ಎಂಬ ಅಂತರರಾಷ್ಟ್ರೀಯ ಮಾನದಂಡವು ತೋಳನ್ನು ಗೊತ್ತುಪಡಿಸಿದ ಬಿಂದುಗಳಿಗೆ ಅಷ್ಟು ಆವರ್ತಿ ಕಳುಹಿಸಿ, ಪ್ರತಿಯೊಂದು ಆವರ್ತಿಯಲ್ಲಿಯೂ ಅದು ಎಲ್ಲಿ ನಿಂತಿತೆಂಬುದನ್ನು ಬರೆದಿಡಬೇಕೆಂದು ವಿಧಿಸುತ್ತದೆ.

ಮನೆಯಲ್ಲಿಯೋ ಕಾಲೇಜಿನ ಪ್ರಯೋಗಶಾಲೆಯಲ್ಲಿಯೋ ಯಂತ್ರಬಾಹುವನ್ನು ನಿರ್ಮಿಸುವ ನಮ್ಮ ತರುಣರ ಉತ್ಸಾಹವನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಆ ಉತ್ಸಾಹವು ಅಳತೆಯೆಂಬ ವ್ರತವನ್ನು ಇನ್ನೂ ಹಿಡಿದಿಲ್ಲವೆಂಬುದೇ ನನ್ನ ದೂರು. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಸೀಮೆಯಲ್ಲಿ ಆ ವ್ರತವನ್ನು ಹೇಳಿಕೊಡಬಲ್ಲ ಗುರುಗಳು ಬೇಕಾದಷ್ಟು ಮಂದಿ ಇರುವರೆಂಬುದೂ, ಆದರೆ ಅವರು ಕಾಲೇಜಿನ ಆವರಣದ ಒಳಗಿಲ್ಲದೆ ಎಣ್ಣೆ ಮೆತ್ತಿದ ಲೇಥ್ ಯಂತ್ರಗಳ ಮುಂದೆ ನಿಂತಿರುವರೆಂಬುದೂ ನಾನು ಹೇಳಹೊರಟಿರುವ ಮಾತು.

ಮೊದಲು ವಿಷಯದ ಪೂರ್ವೋತ್ತರವನ್ನು ಕೊಂಚ ನೋಡೋಣ. ಅಮೆರಿಕದ ಜಾರ್ಜ್ ಡೆವೊಲ್ ಎಂಬಾತ ಯಂತ್ರಬಾಹುವಿನ ಪೇಟೆಂಟಿಗೆ ಅರ್ಜಿ ಹಾಕಿದುದು 1954ರಲ್ಲಿ. ಅವನ ಯೂನಿಮೇಟ್ ನ್ಯೂ ಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯೊಂದರಲ್ಲಿ ಕೆಂಡದಂತೆ ಕಾದ ಎರಕದ ತುಂಡುಗಳನ್ನು ಅಚ್ಚಿನಿಂದ ಎತ್ತಿಡುವ ಕೆಲಸಕ್ಕೆ ನಿಂತುದು 1961ರಲ್ಲಿ. ಅಂದಿನಿಂದ ನಾಲ್ಕೈದು ದಶಕಗಳ ಕಾಲ ಇದು ದೊಡ್ಡ ಕಂಪನಿಗಳ ಸೊತ್ತಾಗಿಯೇ ಉಳಿಯಿತು. ಅಗ್ಗದ ಸ್ಟೆಪ್ಪರ್ ಮೋಟಾರು, ಮೇಜಿನ ಮೇಲೆ ಕೂರುವ ತ್ರೀಡಿ ಪ್ರಿಂಟರು, 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ನಿಯಂತ್ರಕ ಸರ್ಕ್ಯೂಟ್ ಹಲಗೆ, ಈ ಮೂರು ಕೈಗೆಟುಕುವಂತಾದ ಮೇಲೆ ಯಾರು ಬೇಕಾದರೂ ತೋಳು ಕಟ್ಟಬಹುದೆಂಬ ಸ್ಥಿತಿ ಒದಗಿತು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಸಿಸ್ಟಮ್ಯಾಂಟಿಕ್ಸ್ ಸಂಸ್ಥೆಯು ಕಾರ್ಖಾನೆಗೆ ತಕ್ಕ ತೋಳನ್ನು ಸ್ವಂತವಾಗಿ ವಿನ್ಯಾಸಗೊಳಿಸಿದುದುಂಟು. ಆದರೆ ನನ್ನ ವಾದಕ್ಕೆ ಅತ್ಯಂತ ನಿಕಟವಾದ ನಿದರ್ಶನವೆಂದರೆ, 2018ರಲ್ಲಿ ಹ್ಯಾಕಡೇ ಪ್ರಶಸ್ತಿಯನ್ನು ಗೆದ್ದ ಡೆಕ್ಸ್‌ಟರ್ ಎಂಬ ತೋಳು. ಹ್ಯಾಡಿಂಗ್ಟನ್ ಡೈನಮಿಕ್ಸ್ ಎಂಬ ಪುಟ್ಟ ಅಮೆರಿಕನ್ ತಂಡವು ನಿರ್ಮಿಸಿ, ನಕ್ಷೆಗಳನ್ನೆಲ್ಲ ಲೋಕಕ್ಕೆ ಬಿಟ್ಟುಕೊಟ್ಟ ಈ ತೋಳಿನ ಮೈ ಪ್ರಿಂಟರಿನಿಂದ ಹೊರಟ ಪ್ಲಾಸ್ಟಿಕ್ಕಿನದೇ ಆಗಿದ್ದರೂ, ಅದರ ಒಂದೊಂದು ಕೀಲಿನಲ್ಲಿಯೂ ಬೆಳಕಿನಿಂದ ಕೋನವನ್ನು ಓದುವ ಎನ್‌ಕೋಡರುಗಳಿದ್ದು, ಕೀಲು ನಿಜವಾಗಿ ಎಲ್ಲಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಅಳೆದು ತಿದ್ದಿಕೊಳ್ಳುತ್ತಿದ್ದುದರಿಂದ, ಮೈಯ ಬಡತನವನ್ನು ಅಳತೆಯ ಶ್ರೀಮಂತಿಕೆ ಮುಚ್ಚಿತು.

ಅಳತೆಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಸರಳ ಗಣಿತವೇ ತಿಳಿಸುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಅಂದರೆ ಒಂದು ಹೆಜ್ಜೆಗೆ 1.8 ಡಿಗ್ರಿ. ಭುಜದ ಕೀಲಿಗೆ ಈ ಮೋಟಾರನ್ನು ನೇರವಾಗಿ ಕಟ್ಟಿ, ಅರ್ಧ ಮೀಟರ್ ಉದ್ದದ ತೋಳನ್ನು ಚಾಚಿದರೆ, ಒಂದೇ ಒಂದು ಹೆಜ್ಜೆಗೆ ತುದಿಯು ಸುಮಾರು 16 ಮಿಲಿಮೀಟರ್ ಸರಿಯುತ್ತದೆ. ಬೆಂಕಿಪೆಟ್ಟಿಗೆಗೆ ಇದು ಸಾಕು. ಅದರೊಳಗಿನ ಕಡ್ಡಿಗೆ ಸಾಲದು. ಆದಕಾರಣ ನಡುವೆ ಹಲ್ಲುಚಕ್ರಗಳನ್ನೋ ಹಲ್ಲುಪಟ್ಟಿಗಳನ್ನೋ ಇಟ್ಟು ಇಪ್ಪತ್ತಕ್ಕೆ ಒಂದರಂತೆ ವೇಗವನ್ನು ತಗ್ಗಿಸುತ್ತಾರೆ. ಹೆಜ್ಜೆಯು ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ಅದರ ಮೇಲೆ ಚಾಲಕ ಸರ್ಕ್ಯೂಟಿನಿಂದ ಒಂದೊಂದು ಹೆಜ್ಜೆಯನ್ನೂ ಹದಿನಾರು ಪಾಲು ಮಾಡಿಸಿದರೆ, ಕಾಗದದ ಮೇಲೆ 0.05 ಮಿಲಿಮೀಟರ್ ಬರುತ್ತದೆ. ಪ್ರಾಜೆಕ್ಟ್ ವರದಿಗಳಲ್ಲಿ ನಿಖರತೆಯೆಂದು ಅಚ್ಚಾಗುವುದು ಈ ಕಾಗದದ ಅಂಕಿಯೇ. ಹೀಗೆ ಪಾಲು ಮಾಡಿದ ಹೆಜ್ಜೆಗಳಿಗೆ ಬಲ ತೀರ ಕಡಿಮೆಯಾದುದರಿಂದ, ತೋಳಿನ ಭಾರವು ಮೋಟಾರಿನ ದಂಡವನ್ನು ಅದು ನಿಲ್ಲಬೇಕಾದೆಡೆಯಿಂದ ಕೆಳಕ್ಕೆ ಜಗ್ಗಿಯೇ ಇಟ್ಟಿರುತ್ತದೆಂಬುದನ್ನು ವರದಿ ಬರೆದವರು ನೋಡಿರುವುದಿಲ್ಲ. ಕೀಲಿಗೊಂದು ಅಗ್ಗದ ಅಯಸ್ಕಾಂತದ ಎನ್‌ಕೋಡರ್ ಕೂಡಿಸಿದೆವೆಂದು ಬೀಗುವಂತೆಯೂ ಇಲ್ಲ; ಸುತ್ತನ್ನು 4096 ಭಾಗ ಮಾಡುವ ಆ ಚಿಪ್ಪಿನ ಒಂದು ಭಾಗವು ಅರ್ಧ ಮೀಟರ್ ದೂರದ ತುದಿಯಲ್ಲಿ 0.77 ಮಿಲಿಮೀಟರ್ ಆಗುತ್ತದೆ.

ಇನ್ನು ಹಲ್ಲುಚಕ್ರಗಳ ಮಾತು. ಎರಡು ಚಕ್ರಗಳ ಹಲ್ಲುಗಳ ನಡುವೆ ಕೂದಲೆಳೆಯಷ್ಟಾದರೂ ಸಂದಿಲ್ಲದೆ ಅವು ತಿರುಗಲಾರವು. ಸಂದಿದ್ದರೆ, ದಿಕ್ಕು ಬದಲಿಸಿದಾಗ ಮೋಟಾರು ತುಸು ದೂರ ಬರಿದೆ ತಿರುಗಿ ಆ ಬಳಿಕವಷ್ಟೆ ತೋಳು ಅಲುಗುತ್ತದೆ. ಪುಸ್ತಕಗಳು ಇದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತವೆ. ನಮ್ಮ ವರ್ಕ್‌ಶಾಪುಗಳಲ್ಲಿ 'ಪ್ಲೇ ಐತಿ' ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಟ್ರ್ಯಾಕ್ಟರಿನ ಪಿನ್ನನ್ನೋ ಪಂಪಿನ ಶಾಫ್ಟನ್ನೋ ಕಡೆಯುತ್ತಿರುವ ಟರ್ನರ್ ಒಬ್ಬನ ಹಿಂದೆ ಐದು ನಿಮಿಷ ನಿಂತು ಅವನ ಕೈಯನ್ನೇ ನೋಡಿರಿ. ಕ್ರಾಸ್ ಸ್ಲೈಡಿನ ಹಿಡಿಯನ್ನು ತಿರುಗಿಸುತ್ತ ಬೇಕಾದ ಗೆರೆಯನ್ನು ಅವನು ದಾಟಿದನೆನ್ನಿ. ಆ ಗೆರೆಗೆ ಅಷ್ಟೇ ಹಿಂದಕ್ಕೆ ತಂದು ಅವನು ಎಂದಿಗೂ ನಿಲ್ಲಿಸುವುದಿಲ್ಲ. ಅರ್ಧ ಸುತ್ತು ಪೂರ್ತಿ ಹಿಂದಕ್ಕೊಯ್ದು, ಸ್ಕ್ರೂವಿನ ಸಡಿಲೆಲ್ಲ ಒಂದೇ ಬದಿಗೆ ಸೇರಿತೆಂದು ಕೈಗೆ ತಿಳಿದ ಮೇಲೆ, ಮತ್ತೆ ಮುಂದಿನಿಂದಲೇ ಬಂದು ಗೆರೆಗೆ ಮುಟ್ಟಿಸುತ್ತಾನೆ. ಯಾಕೆಂದು ಕೇಳಿದರೆ ಅವನು ಸಿದ್ಧಾಂತ ಹೇಳಲಾರ; ಹಾಗೆ ಮಾಡದಿದ್ದರೆ ಬೇರಿಂಗ್ ಕೂರುವುದಿಲ್ಲ ಎನ್ನುತ್ತಾನೆ. ಯಂತ್ರಬಾಹುವಿನ ಪ್ರೋಗ್ರಾಮಿನಲ್ಲಿ ಈ ನಡೆಯನ್ನು ಬರೆಯಲು ಎರಡು ಸಾಲು ಸಾಕು: ಗುರಿಯು ಯಾವ ಕಡೆ ಇದ್ದರೂ ಪ್ರತಿಯೊಂದು ಕೀಲೂ ಒಂದೇ ದಿಕ್ಕಿನಿಂದ ಅದನ್ನು ಸೇರತಕ್ಕದ್ದು, ವಿರುದ್ಧ ದಿಕ್ಕಿನಿಂದ ಬರುವುದಾದರೆ ಮೊದಲು ಗುರಿಯನ್ನು ದಾಟಿ ಹೋಗಿ ತಿರುಗಿ ಬರತಕ್ಕದ್ದು. ಈ ಎರಡು ಸಾಲುಗಳನ್ನು ಬರೆಯದೆ ಸಾವಿರ ಸಾಲು ಬರೆದ ಪ್ರೋಗ್ರಾಮುಗಳನ್ನು ನಾನು ಕಂಡಿದ್ದೇನೆ. ಬರೆದವರಾರೂ ಲೇಥ್ ಹಿಡಿದವರಲ್ಲ.

ಈಗ ಶೀರ್ಷಿಕೆಯಲ್ಲಿ ಹೇಳಿದ ಉಪಕರಣಕ್ಕೆ ಬರೋಣ. ಡಯಲ್ ಗೇಜ್ ಎಂಬುದು ಗಡಿಯಾರದಂಥ ಮುಖವುಳ್ಳ, ಅಂಗೈಯಲ್ಲಿ ಹಿಡಿಸುವ ವಸ್ತು. ಅದರ ಕೆಳಗಿನ ಮೊಳೆಯು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಒಳಸರಿದರೂ ಮುಳ್ಳು ಒಂದು ಮನೆ ಮುಂದೆ ಹೋಗುತ್ತದೆ. ಅಯಸ್ಕಾಂತದ ಪೀಠದ ಮೇಲೆ ಇದನ್ನು ನಿಲ್ಲಿಸಿ, ತೋಳಿನ ತುದಿ ಬಂದು ಮೊಳೆಯನ್ನು ಮುಟ್ಟುವಂತೆ ಮಾಡಿದಾಗ, ಅದುವರೆಗೆ ನಯವಾಗಿ ಚಲಿಸುತ್ತಿದ್ದಂತೆ ತೋರಿದ ಯಂತ್ರದ ನಿಜಸ್ವರೂಪ ಬಯಲಾಗುತ್ತದೆ. ಮುಳ್ಳು ಒಮ್ಮೆ 12ರಲ್ಲಿ ನಿಲ್ಲುತ್ತದೆ, ಮತ್ತೊಮ್ಮೆ 47ರಲ್ಲಿ. ಮೇಜಿಗೆ ಯಾರೋ ಒರಗಿದರೆ ಇಡೀ ಸುತ್ತು ತಿರುಗುತ್ತದೆ. ಹೊತ್ತೇರಿದಂತೆ ಅಂಕಿಗಳು ಒಂದೇ ಬದಿಗೆ ಸರಿಯುತ್ತ ಹೋಗುವುದೂ ಉಂಟು. ನಮ್ಮ ಊರಿನ ಬಿಸಿಲಿನ ಪರಿಚಯವುಳ್ಳವರಿಗೆ ಇದರ ಕಾರಣವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ: 400 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯು, ಪುಷ್ಯಮಾಸದ ಬೆಳಗಿಗೂ ಚೈತ್ರದ ಮಧ್ಯಾಹ್ನಕ್ಕೂ ನಡುವಣ 20 ಡಿಗ್ರಿ ಅಂತರದಲ್ಲಿ, ಸುಮಾರು 0.18 ಮಿಲಿಮೀಟರ್ ಉದ್ದವಾಗುತ್ತದೆ. ಪಿಎಲ್‌ಎ ಎಂಬ ಸಾಮಾನ್ಯ ಪ್ರಿಂಟರ್ ಪ್ಲಾಸ್ಟಿಕ್ಕಿನ ಅವಸ್ಥೆ ಇದಕ್ಕಿಂತ ಶೋಚನೀಯ. 60 ಡಿಗ್ರಿಯ ಸುಮಾರಿಗೆ ಅದು ಮೆತ್ತಗಾಗುವುದರಿಂದ, ಗಂಟೆಗಟ್ಟಲೆ ಓಡಿ ಕಾದ ಮೋಟಾರು ತಾನು ಕುಳಿತ ಪೀಠವನ್ನೇ ಬಾಗಿಸಿಬಿಡಬಲ್ಲುದು. ಯುರೋಪಿನ ತಣ್ಣನೆಯ ಕೋಣೆಯಲ್ಲಿ ಯಾರೋ ಕಟ್ಟಿ ಯಶಸ್ವಿಯಾದ ನಕ್ಷೆಯನ್ನು ಇಳಿಸಿಕೊಂಡು ಏಪ್ರಿಲ್ ತಿಂಗಳ ಹೊಸಪೇಟೆಯಲ್ಲಿ ಕಟ್ಟಿದ ಹುಡುಗನು ತನ್ನ ಜಾಣತನವನ್ನೇ ಶಂಕಿಸುವಂತಾದರೆ, ತಪ್ಪು ಅವನದಲ್ಲ. ಮೋಟಾರಿನ ಪೀಠಗಳನ್ನು ಲೋಹದಲ್ಲಿ ಮಾಡಿಸೆಂದು ಅವನಿಗೆ ಹೇಳುವವರು ಬೇಕಿತ್ತು. ತೋರಣಗಲ್ಲಿನ ಉಕ್ಕಿನ ಕುಲುಮೆಗಳು ಹೊಗೆಯುಗುಳುವ ಸಂಡೂರು ತಾಲ್ಲೂಕಿನ ನೆರೆಯಲ್ಲಿ ಲೋಹಕ್ಕೂ ಲೋಹ ಕಡೆಯುವವರಿಗೂ ಬರವೆಂದು ಯಾರು ನಂಬಿಯಾರು?

ಪ್ರೋಗ್ರಾಮಿನ ಗಣಿತವೂ ಜನ ಭಾವಿಸುವಷ್ಟು ಗಹನವಾದುದಲ್ಲ. ತುದಿಯು ಇಂಥ ಬಿಂದುವಿಗೆ ಹೋಗಬೇಕಾದರೆ ಭುಜ ಮೊಣಕೈಗಳು ಎಷ್ಟೆಷ್ಟು ಕೋನಕ್ಕೆ ತಿರುಗಬೇಕೆಂಬುದನ್ನು, ಸಮತಲದಲ್ಲಿ ಚಲಿಸುವ ಎರಡು ಕೀಲುಗಳ ತೋಳಿನ ಮಟ್ಟಿಗೆ, ಪಿಯುಸಿ ತ್ರಿಕೋನಮಿತಿಯ ಕೊಸೈನ್ ನಿಯಮದಿಂದಲೇ ಸಾಧಿಸಬಹುದು; ಉತ್ತರವು ಎರಡು ಬರುತ್ತದೆ, ಮೊಣಕೈ ಮೇಲಿರುವುದೊಂದು, ಕೆಳಗಿರುವುದೊಂದು. ಆರು ಕೀಲುಗಳಿಗೆ ಲೆಕ್ಕ ಬೆಳೆಯುವುದಾದರೂ, 1955ರಷ್ಟು ಹಿಂದೆಯೇ ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ ಎಂಬಿಬ್ಬರು ಹಾಕಿಕೊಟ್ಟ ಕ್ರಮವು ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಕಷ್ಟವಿರುವುದು ಆ ಸೂತ್ರಕ್ಕೆ ಉಣಿಸತಕ್ಕ ಅಂಕಿಗಳಲ್ಲಿ. ಮುಂಗೈಯ ಉದ್ದ 200 ಮಿಲಿಮೀಟರ್ ಎಂದು ನಕ್ಷೆ ಹೇಳುತ್ತದೆ. ಕಟ್ಟಿದ ಮೇಲೆ ಅದು 200.6 ಆಗಿದ್ದರೆ ಸೂತ್ರಕ್ಕದು ತಿಳಿಯದು, ವರ್ನಿಯರ್ ಕ್ಯಾಲಿಪರ್‌ಗೆ ಮಾತ್ರ ತಿಳಿಯುತ್ತದೆ. ಅಳೆದು ಬಂದ ಉದ್ದವನ್ನು ಪ್ರೋಗ್ರಾಮಿಗೆ ಬರೆಯಬೇಕು; ಪ್ರತಿಯೊಂದು ಕೀಲೂ ಬೆಳಗ್ಗೆ ಎದ್ದೊಡನೆ ತನ್ನ ಆದಿಸ್ಥಾನವನ್ನು ಸ್ವಿಚ್ಚೊಂದನ್ನು ಮುಟ್ಟಿ ಖಚಿತಪಡಿಸಿಕೊಳ್ಳುವಂತೆ ಮಾಡಬೇಕು; ಆಮೇಲೆ ಬೇರೆ ಮಾತು.

ಕಟ್ಟುವುದಕ್ಕೆ ಮುನ್ನ ಒಂದೊಂದು ಅಂಗಕ್ಕೂ ಅದರ ಸ್ಥಾನವನ್ನು ಗೊತ್ತುಪಡಿಸಿ ಬರೆದಿಡುವ ಈ ಶಿಸ್ತು ಪರದೇಶದಿಂದ ಬಂದುದೆಂದು ತಿಳಿದವರು ಒಂದು ಭಾನುವಾರ ಹಂಪೆಯ ರಾಜಪ್ರಾಂಗಣಕ್ಕೆ ಹೋಗಿ ಬರಬೇಕು. ಮಹಾನವಮಿ ದಿಬ್ಬದ ಸನಿಹದಲ್ಲಿ, 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯಿದೆ. ಐದು ಅಂತಸ್ತುಗಳಾಗಿ ಕೆಳಗಿಳಿಯುವ ಅದರ ಕಪ್ಪು ಕಲ್ಲುಗಳನ್ನು ದೂರದಿಂದ ನೋಡಿ ಫೋಟೋ ತೆಗೆದುಕೊಂಡು ಬಂದರೆ ಸಾಲದು. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದರೆ, ಕಲ್ಲುಗಳ ಮೇಲೆ ಪುಟ್ಟ ಪುಟ್ಟ ಅಕ್ಷರಗಳೂ ಗುರುತುಗಳೂ ಕೊರೆದಿರುವುದು ಕಾಣುತ್ತದೆ. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಎಂಬುದನ್ನು ಅವು ಸೂಚಿಸುತ್ತವೆಂದು ಪ್ರಾಕ್ತನಶಾಸ್ತ್ರಜ್ಞರು ವಿವರಿಸಿದ್ದಾರೆ. ಎಂದರೆ ಬೇರೊಂದೆಡೆ ಅಳತೆಗೆ ಕಡಿದು, ಗುರುತು ಹಾಕಿ, ಇಲ್ಲಿಗೆ ತಂದು, ಗುರುತಿನ ಪ್ರಕಾರ ಜೋಡಿಸಿದ ಕಟ್ಟಡವಿದು. ದಿಕ್ಕು, ಸಾಲು, ಕ್ರಮಾಂಕ: ಇಂದು ಯಂತ್ರಬಾಹುವೊಂದಕ್ಕೆ ಇಟ್ಟಿಗೆ ಜೋಡಿಸಲು ಆಜ್ಞೆ ಬರೆಯುವವನು ಕೊಡಬೇಕಾದುದೂ ಈ ಮೂರನ್ನೇ. ವಿಜಯನಗರದ ಶಿಲ್ಪಿಗಳು ರೋಬೋ ಕಂಡುಹಿಡಿದಿದ್ದರೆಂದು ಹೊಗಳುವ ಚಟ ನನಗಿಲ್ಲ. ಅಂಥ ಹೊಗಳಿಕೆಯಿಂದ ಅವರಿಗೆ ಅವಮಾನವೇ ಹೊರತು ಗೌರವವಿಲ್ಲ. ಕಲ್ಲು ತನ್ನ ಸ್ಥಾನಕ್ಕೆ ಸಂದಿಲ್ಲದೆ ಕೂತಿತೆ ಎಂಬ ಒಂದೇ ಪ್ರಶ್ನೆಯಿಂದ ಅವರ ಕೆಲಸದ ಪರೀಕ್ಷೆ ನಡೆಯುತ್ತಿತ್ತೆಂಬುದಷ್ಟೆ ನನಗೆ ಮುಖ್ಯ.

ಅಷ್ಟು ಹಿಂದಕ್ಕೆ ಹೋಗುವುದಕ್ಕೆ ಮನಸ್ಸಿಲ್ಲದವರು 2024ರ ಆಗಸ್ಟ್ ತಿಂಗಳನ್ನು ನೆನೆಯಲಿ. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ನದಿಯ ಪಾಲಾಯಿತು. ತುಂಬಿದ ಜಲಾಶಯವು ಬರಿದಾಗುವುದನ್ನು ಎಡದಂಡೆ ಬಲದಂಡೆಗಳ ರೈತರು ಕಣ್ಣಾರೆ ಕಾಣಬೇಕಾದ ಆ ದಿನಗಳಲ್ಲಿ, ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸುವುದೆಂದು ನಿಶ್ಚಯವಾಯಿತು. 60 ಅಡಿ ಅಗಲದ, ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿಯೂ ಹೊಸಪೇಟೆಯ ಸುತ್ತಣ ವರ್ಕ್‌ಶಾಪುಗಳಲ್ಲಿಯೂ ಹಗಲಿರುಳು ಬೆಸುಗೆ ಹಾಕಿ ಸಿದ್ಧಪಡಿಸಿದರು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಹಳೆಯ ತೋಡುಗಳಿಗೆ ಅವು ಹೊಂದಿಕೊಂಡು ಇಳಿಯಬೇಕಿತ್ತು. ಆಗಸ್ಟ್ 16ರಂದು ಮೊದಲನೆಯದು ಕೂತಿತು. ಮರುದಿನ ಐದೂ ಕೂತು ಪೋಲಾಗುತ್ತಿದ್ದ ನೀರು ನಿಂತಿತು. ಈ ಕೆಲಸ ಮಾಡಿದ ವೆಲ್ಡರು ಫಿಟ್ಟರುಗಳು ಯಾವ ಪ್ರದರ್ಶನದಲ್ಲಿಯೂ ಮೇಜು ಹಾಕಿದವರಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಆದರೆ ವರ್ಕ್‌ಶಾಪಿನವನಿಗೆ ಈ ಗಡಿಯ ಪರಿವೆಯಿಲ್ಲ, ಗೇಟಿಗೂ ಇರಲಿಲ್ಲ.

ಇಷ್ಟೆಲ್ಲ ಶ್ರಮವೇಕೆ, ಚೀನಾದಿಂದ ಸಿದ್ಧವಾದ ತೋಳನ್ನೇ ತರಿಸಿಕೊಳ್ಳಬಹುದಲ್ಲ ಎನ್ನುವವರುಂಟು. ತರಿಸಿಕೊಳ್ಳಲಿ, ಕಾರ್ಖಾನೆಯ ಮಾಲೀಕನು ಹಾಗೆಯೇ ಮಾಡಬೇಕು. ಆದರೆ ತರಿಸಿಕೊಂಡ ಯಂತ್ರವು ಸುಗ್ಗಿಯ ನಡುವೆ ನಿಂತಾಗ ಅದರ ಹೊಟ್ಟೆ ಬಿಚ್ಚಬಲ್ಲವರು ಊರಿನಲ್ಲಿರಬೇಡವೆ? ಕಂಪ್ಲಿ ಗಂಗಾವತಿಗಳ ಭತ್ತದ ಸೀಮೆಯಲ್ಲಿ ಸಾರ್ಟೆಕ್ಸ್ ಅಕ್ಕಿಯೆಂದರೆ ಅರಿಯದವರಿಲ್ಲ. ಸಾರ್ಟೆಕ್ಸ್ ಯಂತ್ರದೊಳಗೆ ಸುರಿಯುವ ಅಕ್ಕಿಯ ಒಂದೊಂದು ಕಾಳನ್ನೂ ಕ್ಯಾಮೆರಾ ನೋಡಿ, ಕಪ್ಪಾದುದನ್ನು ಗಾಳಿಯ ಒಂದು ಊದಿನಿಂದ ಬೇರೆ ಹಾದಿಗೆ ತಳ್ಳುತ್ತದೆ. ನೋಡುವುದು, ಲೆಕ್ಕ ಹಾಕುವುದು, ಸರಿಯಾದ ಕ್ಷಣಕ್ಕೆ ಸರಿಯಾದ ಸ್ಥಳವನ್ನು ಮುಟ್ಟುವುದು, ಯಂತ್ರಬಾಹುವಿನ ವಿದ್ಯೆಯೂ ಇದೇ. ಮನೆಯ ಮೇಜಿನ ಮೇಲೆ ತೋಳೊಂದನ್ನು ಕಟ್ಟಿ, ಅದರ ಪ್ಲೇ ತೆಗೆದು, ಅದನ್ನು ಅರ್ಧ ಮಿಲಿಮೀಟರಿನೊಳಗೆ ತಂದು ನಿಲ್ಲಿಸಿದ ಹುಡುಗಿಗೆ ಅಂಥ ಯಂತ್ರದ ಬಾಗಿಲು ತೆರೆಯಲು ಭಯವಿರುವುದಿಲ್ಲ. ಸಂಡೂರಿನ ಗಣಿಗಳ ಅದಿರನ್ನು ಪರೀಕ್ಷಿಸುವ ಕೆಲಸಕ್ಕೂ ಇದು ದೂರದ ಮಾತಲ್ಲ; ಮಾದರಿಗಳನ್ನು ಕುಲುಮೆಗೆ ಇಟ್ಟು ತೆಗೆಯುವ ಕೆಲಸವನ್ನು ಜಗತ್ತಿನ ದೊಡ್ಡ ಪ್ರಯೋಗಶಾಲೆಗಳಲ್ಲಿ ಯಂತ್ರಬಾಹುಗಳೇ ಮಾಡುತ್ತಿವೆ.

ಕೂಲಿಯವರ ಅನ್ನಕ್ಕೆ ಕಲ್ಲು ಬೀಳುವುದೆಂಬ ಆತಂಕವನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ವಿದ್ಯಾರ್ಥಿಯ ಮೇಜಿನ ತೋಳು ಆ ಅಪಾಯವನ್ನು ತರುವಷ್ಟು ಬಲಶಾಲಿಯೂ ಅಲ್ಲ, ಚತುರವೂ ಅಲ್ಲ. ಸಂಡೂರಿನ ಲಂಬಾಣಿ ಹೆಂಗಸರು ಕನ್ನಡಿ ಚೂರನ್ನು ಬಟ್ಟೆಗೆ ಹೊಲಿಯುವುದನ್ನು ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ನೋಡಿದವರಿಗೆ ಇದು ಕೂಡಲೆ ತಿಳಿಯುತ್ತದೆ. ಬಟ್ಟೆಯು ಕಬ್ಬಿಣದಂತೆ ಹೇಳಿದೆಡೆ ನಿಲ್ಲುವುದಿಲ್ಲ. ಜಗ್ಗಿದರೆ ಹಿಗ್ಗುತ್ತದೆ, ಬಿಟ್ಟರೆ ಮುದುಡುತ್ತದೆ. ಎಷ್ಟು ಜಗ್ಗಬೇಕೆಂಬುದನ್ನು ಪ್ರತಿಯೊಂದು ಹೊಲಿಗೆಯಲ್ಲಿಯೂ ಬೆರಳ ತುದಿಯೇ ನಿರ್ಣಯಿಸುತ್ತದೆ. ಮೆತ್ತನೆಯ ವಸ್ತುವನ್ನು ಹಿಡಿಯುವುದು ಇಂದಿಗೂ ಕೋಟ್ಯಂತರ ರೂಪಾಯಿಯ ರೋಬೋಗಳಿಗೆ ಕಗ್ಗಂಟಾಗಿರುವ ಸಮಸ್ಯೆ.

ಆದುದರಿಂದ ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿ ನನ್ನದು ದುಬಾರಿಯಲ್ಲದ ಬಿನ್ನಹ. ಹೊಸ ಪ್ರಯೋಗಶಾಲೆ ಬೇಡ, ಉದ್ಘಾಟನೆಯ ಫಲಕ ಬೇಡ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ವಿದ್ಯಾಲಯವಿರಲಿ, ಈ ಸೀಮೆಯ ಐಟಿಐ ಪಾಲಿಟೆಕ್ನಿಕ್‌ಗಳಿರಲಿ, ರೋಬೋ ತೋಳಿನ ಪ್ರಾಜೆಕ್ಟ್ ಎತ್ತಿಕೊಂಡ ಪ್ರತಿಯೊಂದು ತಂಡದಲ್ಲಿಯೂ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಜತೆಗೆ ಟರ್ನರ್ ಇಲ್ಲವೆ ಫಿಟ್ಟರ್ ಕಲಿಯುವ ಒಬ್ಬನನ್ನು ಸೇರಿಸಲಿ. ಊರಿನ ವರ್ಕ್‌ಶಾಪಿನ ಹಿರಿಯ ಮಿಸ್ತ್ರಿಯೊಬ್ಬರನ್ನು ಪರೀಕ್ಷಕರ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಲಿ. ಪ್ರದರ್ಶನದ ದಿನ ಪ್ರತಿಯೊಂದು ತೋಳಿನ ಮುಂದೆಯೂ ಒಂದು ಡಯಲ್ ಗೇಜ್ ಇರಲಿ. ಅದರ ಬೆಲೆ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಯ ಅಲ್ಪಾಂಶ. ತೋಳು ಅದೇ ಬಿಂದುವಿಗೆ 30 ಸಲ ಹೋಗಿ ಬರಲಿ, 30 ಅಂಕಿಗಳನ್ನೂ ಒಳ್ಳೆಯದು ಕೆಟ್ಟದ್ದೆನ್ನದೆ ಪಕ್ಕದ ಚಾರ್ಟಿನಲ್ಲಿ ಬರೆಯಲಿ, ಅಂಕದ ಅರ್ಧ ಪಾಲು ಆ ಚಾರ್ಟಿಗೆ ಸಲ್ಲಲಿ. ಎರಡು ಮಿಲಿಮೀಟರ್ ತಪ್ಪುವ ತೋಳನ್ನು ಕಟ್ಟಿ, ಎರಡು ಮಿಲಿಮೀಟರ್ ತಪ್ಪುತ್ತದೆಂದೂ ಇಂಥ ಕಾರಣಕ್ಕೆ ತಪ್ಪುತ್ತದೆಂದೂ ಬರೆದ ವಿದ್ಯಾರ್ಥಿಗೆ, ತಪ್ಪೇ ಇಲ್ಲವೆಂದು ಬರೆದವನಿಗಿಂತ ಹೆಚ್ಚು ಅಂಕ ಸಿಗಬೇಕು. ಮಕ್ಕಳ ಪ್ರದರ್ಶನ ನೋಡಲು ಹೋಗುವ ತಂದೆತಾಯಿಗಳಲ್ಲಿಯೂ ನನ್ನದೊಂದು ಪ್ರಾರ್ಥನೆ: ಈ ಸಲ ಚಪ್ಪಾಳೆ ತಟ್ಟುವುದಕ್ಕೆ ಮೊದಲು, ಆ ಚಾರ್ಟ್ ಎಲ್ಲಿದೆಯೆಂದು ಕೇಳಿರಿ.